ನಿನ್ನ ರಿಪೋರ್ಟು, ನನ್ನ ರಕ್ತ

"ಮುಟ್ಟಬೇಡ ನನ್ನ!"

ಎಚ್‌ಐವಿ ಪರೀಕ್ಷಾ ಕೇಂದ್ರದಲ್ಲಿ ಕೂತಿದ್ದವರೆಲ್ಲ ತಲೆಯೆತ್ತಿದರು. ಟೈಲರ್ ಹುಡುಗಿಯ ಮುಖ ಕೆಂಡವಾಗಿತ್ತು. ಎದುರಿಗೆ ಏದುಸಿರು ಬಿಡುತ್ತ ನಿಂತವನು ಎಲೆಕ್ಟ್ರಿಷಿಯನ್. ಅವಳ ಅಂಗಡಿಯ ಸುಟ್ಟ ಸ್ವಿಚ್ಚು ಬದಲಿಸಲು ಬಂದು, ಮನಸ್ಸಿನೊಳಗೇ ಬೀಡುಬಿಟ್ಟವನು. ನಿನ್ನೆ ರಾತ್ರಿ ಇಬ್ಬರೂ ಮೈಮರೆತಿದ್ದರು... ಕಾಂಡೋಮ್ ಇಲ್ಲದೆ.

"ಬೆಳಗ್ಗೆನೇ ಟೆಸ್ಟ್ ಮಾಡಿಸಿದೆನಲ್ಲ, ಗುಂಡುಸೂಜಿ! ನೆಗೆಟಿವ್. ಫೋಟೋ ಕಳಿಸಿದೆ. ಆದ್ರೂ ಇಲ್ಲಿಗೆ ಬಂದಿದ್ದೀಯ. ನನ್ನ ಮೇಲೆ ನಂಬಿಕೆ ಇಲ್ವಾ?" ಗುಂಡುಸೂಜಿ ಅವನು ಅವಳಿಗಿಟ್ಟ ಮುದ್ದಿನ ಹೆಸರು.

"ರಿಪೋರ್ಟು ನಿಂದು, ರಕ್ತ ನಂದು! ಟೆಸ್ಟರ್ ಇಡದೆ ವೈರ್ ಮುಟ್ಟಬೇಡಿ ಅಂತ ಊರಿಗೆಲ್ಲ ಬುದ್ಧಿ ಹೇಳ್ತೀಯ. ನನಗ್ಯಾಕೆ ಸುಮ್ಮನಿರು ಅಂತೀಯ?"

ಕೇಂದ್ರದ ಸಮಾಲೋಚಕಿ ಇಬ್ಬರನ್ನೂ ಒಳಗೆ ಕರೆದು ಬಾಗಿಲು ಹಾಕಿದರು.

"ಇವರಿಗಿಂತ ಮುಂಚೆ, ಕೊನೆಯ ಸಲ ಯಾವಾಗ?"

ಅವನು ನೆಲ ನೋಡಿದ. "ಮೂರು ವಾರದ ಹಿಂದೆ... ಹಳೇ ಗೆಳತಿ. ಸಂಬಂಧ ಮುಗಿಸಿ ಬರೋಣ ಅಂತ ಹೋಗಿದ್ದೆ."

"ಚೆನ್ನಾಗಿ ಮುಗಿಸಿದ್ದೀಯ, ಮಹಾರಾಯ!" ಎಂದಳು ಅವಳು.

ಅವಳ ಎದೆಯಲ್ಲಿ ಏನೋ ಹರಿದಂತಾಯಿತು. 'ನಾನು ಕೇಳಲಿಲ್ಲ. ಆದರೆ ಇವನು ಹೇಳಬಹುದಿತ್ತಲ್ಲ?'

"ಸೋಂಕು ತಗುಲಿದ ಕೂಡಲೇ ಪರೀಕ್ಷೆಯಲ್ಲಿ ಕಾಣಲ್ಲಪ್ಪ, ವಾರಗಳು ಹಿಡಿಯುತ್ತೆ," ಎಂದರು ಸಮಾಲೋಚಕಿ. "ನಿನ್ನ ಇವತ್ತಿನ ನೆಗೆಟಿವ್ ಕೊನೆ ಮಾತಲ್ಲ. ಮತ್ತೆ ಮಾಡಿಸಬೇಕು." ಅವಳತ್ತ ತಿರುಗಿದರು. "ನೀನು ಬೇಗ ಬಂದಿದ್ದು ಒಳ್ಳೇದಾಯ್ತಮ್ಮ. ಎಪ್ಪತ್ತೆರಡು ಗಂಟೆಯೊಳಗೆ ಶುರು ಮಾಡಿದ್ರೆ ಸೋಂಕು ತಡೆಯೋ ಮಾತ್ರೆ ಇದೆ. ಬೇಕೋ ಬೇಡವೋ ಡಾಕ್ಟರ್ ನೋಡಿ ಹೇಳ್ತಾರೆ."

ಅವನ ಮುಖ ಬಿಳಿಚಿತು. "ನಾನು... ಇವಳಿಗೆ ಸುಮ್ಮನಿರು ಅಂದಿದ್ದೆ."

"ಸುಮ್ಮನಿದ್ದಿದ್ರೆ?" ಅವಳು ಬಾಗಿಲತ್ತ ಕೈ ತೋರಿಸಿದಳು. "ಆಚೆ ಹೋಗು."

ಡಾಕ್ಟರು ಮಾತ್ರೆ ಬರೆದರು. ನಾಲ್ಕು ವಾರ, ಒಂದು ದಿನವೂ ತಪ್ಪಿಸುವಂತಿಲ್ಲ.

ಪ್ರತಿ ಸಂಜೆ ಅಂಗಡಿಯ ಹೊರಗೆ ಅವನ ದನಿ.

"ಮಾತ್ರೆ ತಗೊಂಡ್ಯಾ?"

"ತಗೊಂಡೆ. ಹೋಗು."

ಹೊಲಿಗೆ ಯಂತ್ರ ನಿಲ್ಲುತ್ತಿರಲಿಲ್ಲ. ಆದರೆ ಅವನು ಬರುವ ಹೊತ್ತಿಗೆ ಅವಳ ಕಿವಿ ಬೀದಿಯಲ್ಲೇ ಇರುತ್ತಿತ್ತು. ಅದಕ್ಕೂ ಅವಳಿಗೆ ಸಿಟ್ಟು!

ಮೂರು ತಿಂಗಳಿಗೆ ಕೊನೆಯ ಪರೀಕ್ಷೆ. ಅವಳು ಹೊರಬಂದಾಗ ಅವನು ಹೊರಗಿನ ಬೆಂಚಿನ ತುದಿಯಲ್ಲಿ ಕೂತಿದ್ದ. ಅವಳನ್ನು ಕಂಡು ಎದ್ದು ನಿಂತ.

"ನೆಗೆಟಿವ್," ಎಂದಳು ಅವಳೇ. "ನಿಂದು?"

"ನಂದೂ." ಅವನ ಕಣ್ಣು ತುಂಬಿತು. "ಅವತ್ತು ಹೆದರಿದ್ದು ಕಾಯಿಲೆಗಲ್ಲ. ಹಳೇದನ್ನ ಹೇಳಿದ್ರೆ ನೀನು ಬಿಟ್ಟು ಹೋಗ್ತೀಯ ಅಂತ..."

"ಪಾಸಿಟಿವ್ ಬಂದಿದ್ರೂ ಮಾತ್ರೆ ನುಂಗಿ ನೆಟ್ಟಗೆ ಬದುಕ್ತಿದ್ದೆ ಕಣೋ. ಮುಚ್ಚಿಟ್ಟಿದ್ದನ್ನ ನುಂಗೋಕಾಗಲ್ಲ ನನಗೆ."

"ಇನ್ನು ಮುಚ್ಚಿಡಲ್ಲ. ನೀನಂದ್ರೆ ನನಗೆ ಪ್ರಾಣ, ಗುಂಡುಸೂಜಿ... ಇನ್ನೂ ಸಿಟ್ಟಾ?"

"ತುಂಬಾ."

"ಹೋಗ್ಲಾ?"

ಅವಳು ಅವನ ತೋಳು ಹಿಡಿದು ಕೂರಿಸಿದಳು. "ಕೂತ್ಕೋ. ಬಯ್ಯೋದು ಇನ್ನೂ ಮುಗಿದಿಲ್ಲ."