ಬಾಗಿಲು ತೆಗೀಬೇಡಿ, ಕುದುರೆ ಬಂತು!

"ಉಮ್ಮಮ್ಮಾ! ಬಾಗಿಲು ತೆಗೀಬಾರ್ದು ಅಂತ ಹೇಳಿದ್ದಲ್ವಾ!"

ಮಿನ್ಹಾ ಫ್ಲ್ಯಾಟಿನ ಹೊರಗೆ ನಿಂತು ಕಾಲನ್ನು ನೆಲಕ್ಕೆ ಅಪ್ಪಳಿಸಿದಳು. ಅವಳ ತಲೆಯ ಮೇಲೆ ಬಿಳಿ ಬೆಡ್‌ಶೀಟ್ ಇತ್ತು. ಇದು ಮೂರನೇ ಪ್ರಾಕ್ಟೀಸ್. ಮೂರು ಸಲವೂ ಅವಳು ಬಾಗಿಲು ತಟ್ಟಿ, ಹಾಡಲು ಬಾಯಿ ತೆರೆಯುವಷ್ಟರಲ್ಲಿ ಹಲೀಮಜ್ಜಿ ಬಾಗಿಲನ್ನೇ ತೆರೆದುಬಿಟ್ಟಿದ್ದರು.

"ಮನೆ ಮಗು ಹೊರಗೆ ನಿಂತ್ರೆ ಬಾಗಿಲು ತೆಗೀದೆ ಎಂತ ಮಾಡುದು?" ಅಂದರು ಅಜ್ಜಿ.

"ನಾನೀಗ ಮಗು ಅಲ್ಲ, ಕುದುರೆ!"

"ಕುದುರೆಗೆ ಬಾಯಾರಿಕೆ ಆಗೂದಿಲ್ವಾ? ಒಳಗೆ ಬಾ. ಶರಬತ್ತು ಮಾಡಿಟ್ಟಿದ್ದೇನೆ."

ಹಲೀಮಜ್ಜಿ ಉಳ್ಳಾಲದಿಂದ ಅಬುಧಾಬಿಗೆ ವಿಸಿಟ್ ವೀಸಾದಲ್ಲಿ ಬಂದವರು. ಊರಿನಲ್ಲಿ ಅವರ ಮನೆಯ ಬಾಗಿಲು ಮುಚ್ಚುವುದು ಮಲಗುವಾಗ ಮಾತ್ರ. ಎಲೆಕ್ಟ್ರಾ ಸ್ಟ್ರೀಟಿನ ಹಿಂದಿನ ಈ ಹಳೇ ಬಿಲ್ಡಿಂಗಿಗೆ ಬಂದ ಮೇಲೂ ಅವರ ಅಭ್ಯಾಸ ಬದಲಾಗಿರಲಿಲ್ಲ. ಎ.ಸಿ. ರಿಪೇರಿಯವನಿಗೆ ಊಟ ಹಾಕಿದ್ದರು. ಮೊನ್ನೆ ಯಾರೋ ಈಜಿಪ್ಟಿನವರು ಫ್ಲ್ಯಾಟ್ ತಪ್ಪಿ ಬೆಲ್ ಒತ್ತಿದರೆ, ಅವರನ್ನೂ ಕೂರಿಸಿ ಚಹಾ, ಗೋಳಿಬಜೆ ಕೊಟ್ಟು ಕಳಿಸಿದ್ದರು. ಪಾಪ, ಅವರು ಯಾರ ಮನೆ ಹುಡುಕುತ್ತಿದ್ದರೆಂಬುದನ್ನೇ ಮರೆತು ಹೋದರು.

ಇಂಥ ಅಜ್ಜಿಯನ್ನು ಕಟ್ಟಿಕೊಂಡು ಮಿನ್ಹಾ ಇವತ್ತು ಗೆಲ್ಲಬೇಕಿತ್ತು.

ಆಟ ಲೌರಿಯದು. ಲೌರಿ ಮಿನ್ಹಾಳ ಕ್ಲಾಸಿನವಳು, ಮೇಲಿನ ಮಹಡಿಯಲ್ಲೇ ಮನೆ. ವೇಲ್ಸ್ ಅವರ ದೇಶ. ಅಲ್ಲಿನ ಕೆಲವು ಊರುಗಳಲ್ಲಿ ಹೊಸವರ್ಷದ ಹೊತ್ತಿಗೆ ಜನ ಒಂದು ಕುದುರೆ ತಲೆಗೆ ಬಿಳಿ ಬಟ್ಟೆ ಹೊದಿಸಿ ಮನೆಮನೆಗೆ ಹೋಗುತ್ತಾರಂತೆ. ಕುದುರೆಯ ಹೆಸರು ಮಾರಿ ಲೂಯಿಡ್. ಹೊರಗಿನವರು ಹಾಡಿನಲ್ಲಿ "ಒಳಗೆ ಬಿಡಿ" ಅನ್ನಬೇಕು. ಒಳಗಿನವರು ಹಾಡಿನಲ್ಲೇ "ಬಿಡುವುದಿಲ್ಲ, ಹೋಗಿ" ಅನ್ನಬೇಕು. ಉತ್ತರ ಹೊಳೆಯದೆ ತಡವರಿಸಿದವರು ಸೋತರು. ಕುದುರೆ ಒಳಗೆ ಬಂದರೆ ಎಲ್ಲರಿಗೂ ತಿಂಡಿ.

"ಅಲ್ಲಿ ನಿಜವಾದ ಕುದುರೆಯ ಬುರುಡೆ ಇರುತ್ತೆ," ಎಂದಿದ್ದಳು ಲೌರಿ. "ಏರ್‌ಪೋರ್ಟಲ್ಲಿ ಬಿಡಲ್ಲ ಅಂತ ಡ್ಯಾಡಿ ಇಲ್ಲಿ ಕಾರ್ಡ್‌ಬೋರ್ಡಲ್ಲಿ ಮಾಡಿದ್ದಾರೆ."

"ಇಷ್ಟು ದೂರ ಬಂದ್ಮೇಲೂ ಅದೇ ಆಟ ಯಾಕೆ?" ಎಂದು ಕೇಳಿದ್ದಳು ಮಿನ್ಹಾ.

"ನಾವು ಎಲ್ಲಿಗೆ ಹೋದ್ರೂ ಹಾಡು ಕಟ್ಕೊಂಡೇ ಹೋಗೋದು. ತುಂಬಾ ಹಿಂದೆ ನಮ್ಮವರು ಹಡಗು ಹತ್ತಿ ಅರ್ಜೆಂಟೀನಾಕ್ಕೆ ಹೋದ್ರು. ಅಲ್ಲಿ ಈಗ್ಲೂ ವೆಲ್ಷ್ ಮಾತಾಡ್ತಾರೆ, ಗೊತ್ತಾ?"

"ನಮ್ಮವ್ರು ಗಲ್ಫಿಗೆ ಬಂದ ಹಾಗೆ," ಎಂದು ತಲೆದೂಗಿದ್ದರು ಅಜ್ಜಿ, ಮಿನ್ಹಾ ಅದನ್ನು ಬ್ಯಾರಿ ಭಾಷೆಯಲ್ಲಿ ಹೇಳಿದಾಗ.

ಬಿಲ್ಡಿಂಗಿನಲ್ಲಿ ಅಲ್ಲಿಯವರೆಗೆ ಅತಿ ಹೆಚ್ಚು ಪದ್ಯ ಹಾಡಿ ಕುದುರೆಯನ್ನು ಹೊರಗೇ ತಡೆದ ಮನೆಯ ಮಗುವಿಗೆ ಬಹುಮಾನ: ಅಂದಿನ ಉಳಿದ ಮನೆಗಳಿಗೆಲ್ಲ ಬಟ್ಟೆಯೊಳಗೆ ಹೊಕ್ಕು, ಹಗ್ಗ ಎಳೆದು, ಕುದುರೆಯ ದವಡೆಯನ್ನು ಟಕಟಕ ಆಡಿಸುವುದು. ಮಿನ್ಹಾಳಿಗೆ ಇದರ ಆಸೆ ಹತ್ತಿ ಒಂದು ವರ್ಷವಾಗಿತ್ತು. ಕಳೆದ ವರ್ಷ ಏಳು ಪದ್ಯ ತಾಳಿ ದವಡೆ ಆಡಿಸಿದವನು ನಾಲ್ಕನೇ ಮಹಡಿಯ ಡ್ಯಾರಲ್. ಅವನು ಈಗಲೂ ಸ್ಕೂಲ್ ಬಸ್ಸಿನಲ್ಲಿ ಅದನ್ನೇ ಕೊಚ್ಚಿಕೊಳ್ಳುತ್ತಿದ್ದ.

ಉಮ್ಮ, ಉಪ್ಪ ಡ್ಯೂಟಿ ಮುಗಿಸಿ ಬರುವುದು ತಡ. ಇರುವುದು ಅಜ್ಜಿಯೊಬ್ಬರೇ. ಮಿನ್ಹಾ ಅವರ ಎರಡೂ ಕೈ ಹಿಡಿದುಕೊಂಡಳು.

"ಪ್ರಾಮಿಸ್ ಮಾಡಿ. ಈ ಬಾಗಿಲು ಮುಟ್ಟೂದಿಲ್ಲ ಅಂತ."

"ಆಯ್ತು ಮಾರಾಯ್ತಿ, ಮುಟ್ಟೂದಿಲ್ಲ. ಖಲಾಸ್!" ಎಂದು ಅಜ್ಜಿ ಅಡುಗೆಮನೆಗೆ ಹೋದರು. ಒಲೆಯ ಮೇಲೆ ಕೋಳಿ ಸಾರು ಕುದಿಯುತ್ತಿತ್ತು.

ಸಂಜೆಯ ಮಗ್ರಿಬ್ ನಮಾಝ್ ಮುಗಿದ ಸ್ವಲ್ಪ ಹೊತ್ತಿಗೆ ಕಾರಿಡಾರಿನಲ್ಲಿ ಗಲಗಲ ಶಬ್ದವಾಯಿತು. ಮಿನ್ಹಾ ಸ್ಟೂಲ್ ಹತ್ತಿ ಬಾಗಿಲಿನ ತೂತಿನಲ್ಲಿ ನೋಡಿದಳು. ಗಾಜಿಗೆ ಅಂಟಿಕೊಂಡೇ ಒಂದು ದೊಡ್ಡ ಕುದುರೆ ಮೂತಿ! ಬಟ್ಟೆಯೊಳಗೆ ಲೌರಿಯ ಅಪ್ಪ ಎಮ್ರಿಸ್ ಅಂಕಲ್. ಹಿಂದೆ ಲೌರಿ, ಊರಿಂದ ಬಂದಿದ್ದ ಅವಳ ಅಜ್ಜಿ, ನಾಲ್ಕೈದು ವೆಲ್ಷ್ ಗೆಳೆಯರು. ಲೆಕ್ಕ ಹಾಕಲು ಡ್ಯಾರಲ್ ಬೇರೆ ಬಂದಿದ್ದ.

ಹಾಡು ಶುರುವಾಯಿತು. ಮಿನ್ಹಾಳಿಗೆ ಒಂದಕ್ಷರವೂ ಅರ್ಥವಾಗಲಿಲ್ಲ. ಆದರೆ ಯಾವ ಭಾಷೆಯಲ್ಲಾದರೂ ಉತ್ತರ ಕೊಡಬಹುದಿತ್ತು. ಅವಳು ಕನ್ನಡದಲ್ಲಿ ಕಟ್ಟಿಟ್ಟುಕೊಂಡಿದ್ದಳು. ಅವರಿಗೂ ಅರ್ಥವಾಗದಿದ್ದರೆ ಫೇರ್ ಅಲ್ಲವೇ?

"ಕುದುರೆ, ಕುದುರೆ, ಹಲ್ಲು ಉಜ್ಜಿ ಬಂದೆಯಾ?
ಲಿಫ್ಟು ಹತ್ತಿ ಬರಲು ಟಿಕೆಟು ತಂದೆಯಾ?"

ಹೊರಗೆ ನಗು. ಮತ್ತೆ ಹಾಡು. ಮಿನ್ಹಾ ಎದೆಯುಬ್ಬಿಸಿ ಎರಡನೆಯದನ್ನು ಬಿಟ್ಟಳು.

"ಹುಲ್ಲು ಇಲ್ಲ, ಹುರುಳಿ ಇಲ್ಲ, ಅಡುಗೆಮನೆ ಖಾಲಿ,
ಪಾರ್ಕಿಂಗಿಲ್ಲ ಕುದುರೆಗೆ, ಹೋಗಿ ಬಾ ಗಾಡೀಲಿ!"

ಖಾಲಿ ಎಂದ ಅಡುಗೆಮನೆಯಿಂದ ಕೋಳಿ ಸಾರಿನ ಪರಿಮಳ ಗಮ್ಮೆಂದು ಬರುತ್ತಿತ್ತು. ಇರಲಿ, ಪದ್ಯದಲ್ಲಿ ಅಷ್ಟು ಸುಳ್ಳು ನಡೆಯುತ್ತದೆ.

ಮೂರನೆಯದು ಮುಗಿಯಿತು. ನಾಲ್ಕನೆಯದಕ್ಕೆ ಹೊರಗಿನ ಹಾಡು ಯಾಕೋ ಸಣ್ಣದಾಗಿ ಕೇಳಿಸಿತು. ಮಿನ್ಹಾ ಉತ್ತರ ಕೊಟ್ಟಳು. ಆಮೇಲೆ ಹೊರಗೆ ಒಂದೇ ಒಂದು ದನಿ ಉಳಿಯಿತು. ಅದೂ ಅರ್ಧ ಸಾಲಿಗೆ ನಿಂತುಹೋಯಿತು.

ಮಿನ್ಹಾ ಕಾದಳು. ಸದ್ದಿಲ್ಲ. ತೂತಿನಲ್ಲಿ ನೋಡಿದರೆ ಕಾರಿಡಾರಿನಲ್ಲಿ ನರಪಿಳ್ಳೆಯೂ ಇಲ್ಲ.

"ಸೋತು ಓಡಿಹೋದ್ರು! ಉಮ್ಮಮ್ಮಾ, ನಾವು ಗೆದ್ದೆವು!" ಎಂದು ಕುಣಿಯುತ್ತಾ ಅವಳು ಹಿಂದಕ್ಕೆ ತಿರುಗಿದಳು.

ಊಟದ ಮೇಜಿನ ಮುಂದೆ, ಉಪ್ಪನ ಕುರ್ಚಿಯಲ್ಲಿ, ಕುದುರೆ ಕುಳಿತಿತ್ತು.

ಅದರ ಪಕ್ಕದಲ್ಲಿ ಬೆವರು ಒರೆಸುತ್ತಾ ಎಮ್ರಿಸ್ ಅಂಕಲ್ ಅಕ್ಕಿರೊಟ್ಟಿಯಂಥ ಪತ್ತಿರ್ ಮುರಿದು ಸಾರಿನಲ್ಲಿ ಅದ್ದುತ್ತಿದ್ದರು. ವೆಲ್ಷ್ ಗೆಳೆಯರ ಬಾಯಿ ತುಂಬಿತ್ತು. ಲೌರಿಯ ಅಜ್ಜಿ ಸೋಫಾದಲ್ಲಿ ದಿಂಬಿನ ಮೇಲೆ ಕಾಲಿಟ್ಟು ಕುಳಿತಿದ್ದರು.

"ಕುದುರೆ ಒಳಗೆ! ನಾಲ್ಕೇ ಪದ್ಯ! ನಮ್ದು ಏಳು! ಇನ್ನು ಕುದುರೆ ನಾನೇ!" ಎಂದು ಕೂಗಿದ ಡ್ಯಾರಲ್, ಕೋಳಿ ಕಾಲನ್ನು ಮೇಲೆತ್ತಿ.

"ಉಮ್ಮಮ್ಮಾ! ಪ್ರಾಮಿಸ್ ಮಾಡಿದ್ದಲ್ವಾ!"

"ಆ ಬಾಗಿಲು ನಾನು ಮುಟ್ಲೇ ಇಲ್ಲ," ಎಂದರು ಹಲೀಮಜ್ಜಿ. "ಕಸದ ಚೀಲ ಕಾರಿಡಾರಲ್ಲಿ ಇಡ್ಲಿಕ್ಕೆ ಅಂತ ಅಡುಗೆಮನೆಯ ಹೊರಬಾಗಿಲು ತೆಗ್ದೆ. ನೋಡಿದ್ರೆ ಲೌರಿಯ ಅಜ್ಜಿ ಗೋಡೆ ಹಿಡ್ಕೊಂಡು ನಿಂತಿದ್ದಾರೆ. ನನ್ನದೇ ಪ್ರಾಯ. ಕಾಲು ಬೇರೆ ಬಾತಿದೆ. ಕರೆದೆ. ಇವ್ರ ಹಿಂದೆ ಒಬ್ಬೊಬ್ರೇ ಬಂದ್ರು. ಬಂದವ್ರನ್ನು ಹೋಗಿ ಅನ್ಲಿಕ್ಕೆ ಆಗ್ತದಾ?"

ಮಿನ್ಹಾಳಿಗೆ ದುಃಖ ಉಕ್ಕಿ ಬಂತು. "ನೀವು ಎಲ್ಲಾ ಹಾಳು ಮಾಡಿದ್ರಿ!" ಎಂದು ಬೆಡ್‌ರೂಮಿಗೆ ಓಡಿ ದಿಂಬಿನಲ್ಲಿ ಮುಖ ಹುದುಗಿಸಿದಳು. ಆಚೆ ಎಲ್ಲರೂ ಚಪ್ಪರಿಸಿ ತಿನ್ನುವುದು ಕೇಳಿಸಿ ಇನ್ನಷ್ಟು ಅಳು ಬಂತು.

ಲೌರಿ ಬಂದು ಪಕ್ಕದಲ್ಲಿ ಕುಳಿತಳು. "ಡೆಲ್ಫಿನ್ ಆಂಟಿ ಮನೆಗೆ ಹೊರಟಿದ್ದೀವಿ. ಬಾ. ಕುದುರೆ ಆಗದಿದ್ರೆ ಏನಂತೆ, ಹಾಡಬಹುದಲ್ಲಾ."

ಮಿನ್ಹಾ ಕಣ್ಣೊರೆಸಿಕೊಂಡು ಹೊರಟಳು. ಅಜ್ಜಿಯ ಕಡೆ ನೋಡಲಿಲ್ಲ.

ಡೆಲ್ಫಿನ್ ಆಂಟಿಯ ಮನೆ ಏಳನೇ ಮಹಡಿ. ಅವರು ಚರ್ಚಿನ ಕ್ವಾಯರಿನಲ್ಲಿ ಹಾಡುವವರು, ಸುಮ್ಮನೆ ಬಿಡುವ ಪೈಕಿಯಲ್ಲ. ಒಂದಾಯಿತು, ಎರಡಾಯಿತು, ಐದಾಯಿತು. ಒಳಗಿನಿಂದ ಕೊಂಕಣಿ ಪದ್ಯಗಳು ನಲ್ಲಿ ನೀರಿನ ಹಾಗೆ ಬರುತ್ತಲೇ ಇದ್ದವು. ಜೊತೆಗೆ ಓವನ್ನಿನಿಂದ ಆಗಷ್ಟೇ ತೆಗೆದ ಕೇಕಿನ ವಾಸನೆ.

ಮಿನ್ಹಾ ಕಾಲು ಬದಲಿಸಿ ನಿಂತಳು. ಒಳಗೆ ನಿಂತು ಹಾಡಿದಾಗ ಒಂದು ಪದ್ಯ ಕಣ್ಣು ಮಿಟುಕಿಸುವುದರೊಳಗೆ ಮುಗಿದಿತ್ತು. ಹೊರಗೆ ಅದು ಮುಗಿಯುವುದೇ ಇಲ್ಲವಲ್ಲ!

"ಸೆಖೆ ಆಗ್ತಾ ಉಂಟು," ಎಂದಿತು ಕುದುರೆ, ಡ್ಯಾರಲ್ಲನ ದನಿಯಲ್ಲಿ. ಏಳನೆಯದು ಹತ್ತಿರ ಬಂದಂತೆ ಅವನು ಲೆಕ್ಕ ಹಾಕುವುದನ್ನೂ ನಿಲ್ಲಿಸಿದ್ದ.

ಲೌರಿಯ ಅಜ್ಜಿ ಹಾಡುತ್ತಲೇ ಇದ್ದರು. ಸಣ್ಣವರಿದ್ದಾಗಿನಿಂದ ಒಂದು ಬಾಗಿಲನ್ನೂ ಬಿಟ್ಟವರಲ್ಲವಂತೆ. ಆದರೆ ಅವರ ಒಂದು ಕೈ ಗೋಡೆಯ ಮೇಲಿತ್ತು. ಒಮ್ಮೆ ಎಡಗಾಲಿನ ಮೇಲೆ ಭಾರ ಬಿಡುತ್ತಿದ್ದರು, ಒಮ್ಮೆ ಬಲಗಾಲಿನ ಮೇಲೆ. ಚಪ್ಪಲಿಯ ಪಟ್ಟಿ ಬಾತ ಪಾದದೊಳಗೆ ಹೂತಿತ್ತು. ಮಿನ್ಹಾ ಅದನ್ನೇ ನೋಡಿದಳು. ಬೇರೆ ಯಾರೂ ನೋಡುತ್ತಿರಲಿಲ್ಲ.

ಅವಳು ಯಾರಿಗೂ ಹೇಳದೆ ಮೆಟ್ಟಿಲು ಇಳಿದು ಮನೆಗೆ ಓಡಿದಳು. ಊಟದ ಮೇಜಿನಿಂದ ಒಂದು ಕುರ್ಚಿ ಎಳೆದಳು. ಪಾತ್ರೆ ತೊಳೆಯುತ್ತಿದ್ದ ಹಲೀಮಜ್ಜಿ ತಿರುಗಿ ನೋಡಿದರು.

"ಎಲ್ಲಿಗೆ ಕುರ್ಚಿ?"

"ಲೌರಿಯ ಅಜ್ಜಿಗೆ. ಡೆಲ್ಫಿನ್ ಆಂಟಿ ಇನ್ನೂ ಬಾಗಿಲು ತೆಗೀಲಿಲ್ಲ."

ಅಜ್ಜಿ ಕೈ ಒರೆಸಿಕೊಂಡು, "ಒಂದು ಸಾಕಾ?" ಎಂದು ಕೇಳಿದರು.

ಮಿನ್ಹಾ ಯೋಚಿಸಿದಳು. "ಸಾಕಾಗ್ಲಿಕ್ಕಿಲ್ಲ. ಸ್ಟೂಲೂ ಬೇಕು. ಮತ್ತೆ ನೀರು. ಡ್ಯಾರಲ್‌ಗೆ ಸೆಖೆಯಂತೆ."

ಅಜ್ಜಿ ಆಗಲೇ ಎರಡು ಸ್ಟೂಲುಗಳನ್ನು ಒಂದರ ಮೇಲೊಂದು ಇಟ್ಟು, ಮೇಲೆ ನೀರಿನ ಜಗ್ಗು, ಉಳಿದ ಪತ್ತಿರ್ ಜೋಡಿಸುತ್ತಿದ್ದರು. ಮಿನ್ಹಾ ಕುರ್ಚಿ ಹೊತ್ತು ಲಿಫ್ಟಿನ ಹತ್ತಿರ ಓಡಿದಳು. ಲಿಫ್ಟ್ ಬಂತು. ಅಜ್ಜಿ ಇನ್ನೂ ಕಾರಿಡಾರಿನ ಆ ತುದಿಯಲ್ಲಿ, ನೀರು ಚೆಲ್ಲದ ಹಾಗೆ ಮೆಲ್ಲಮೆಲ್ಲನೆ ಬರುತ್ತಿದ್ದರು.

"ಉಮ್ಮಮ್ಮಾ, ನಿಧಾನ ಬನ್ನಿ!" ಎಂದಳು ಮಿನ್ಹಾ. ಮುಚ್ಚಲು ಹೊರಟ ಲಿಫ್ಟಿನ ಬಾಗಿಲಿಗೆ ಬೆನ್ನು ಕೊಟ್ಟು, ಅದು ಟುಂಯ್ ಟುಂಯ್ ಎಂದು ಎಷ್ಟು ಅರಚಿದರೂ ಕದಲದೆ, ಅಜ್ಜಿ ಬರುವವರೆಗೂ ಹಾಗೇ ನಿಂತಳು.