ಶನಿವಾರ ಕೆಟ್ಟ ಅಲೆಯ ಲೆಕ್ಕ

"ಮತ್ತೆ ನನ್ನದನ್ನ ಕೆಡಿಸಿದ್ಯಲ್ಲೋ!"

ಮೆಟಿಲ್ಡಾ ಹೀಗೆ ಕೂಗಿದಳೆಂದರೆ ನಮ್ಮ ಮೀನುಗಾರರ ಸಂಘದಲ್ಲಿ ಬೆಳಗಾಯಿತೆಂದೇ ಲೆಕ್ಕ. ಅವಳು ಕಂಪ್ಯೂಟರಿಗೆಂದು ಬರೆದ ಪೈಥಾನ್ ಪ್ಯಾಕೇಜು ಅಲೆಯ ಎತ್ತರ ಹೇಳುತ್ತಿತ್ತು, ಜೆಫ್ರಿನ್ ಬರೆದದ್ದು ಗಾಳಿಯ ವೇಗ. ಇಬ್ಬರಿಗೂ ಒಂದೇ ಕಂಪ್ಯೂಟರು. ಅವರು ಕೊಟ್ಟ ಚೀಟಿಯನ್ನು ಇಗರ್ಜಿಯ ಮೈಕಿನಲ್ಲಿ ಓದುವುದು ನನ್ನ ಕೆಲಸ. ಅದನ್ನು ಕೇಳಿಯೇ ದೋಣಿಗಳು ಕಡಲಿಗೆ ಇಳಿಯುತ್ತಿದ್ದವು.

ಜಗಳದ ಮೂಲ ಕೇಳಿ ಕೇಳಿ ನನಗೂ ಗೊತ್ತಾಗಿತ್ತು. ಎರಡೂ ಪ್ಯಾಕೇಜಿಗೆ ಒಂದೇ ಲೈಬ್ರರಿ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡು, ಬೇಕು. ಅವನದಕ್ಕೆ ಹೊಸ ವರ್ಷನ್, ಅವಳದಕ್ಕೆ ಹಳೆಯದು. ಒಬ್ಬರು ತಮಗೆ ಬೇಕಾದ್ದನ್ನು ಹಾಕಿಕೊಂಡರೆ ಇನ್ನೊಬ್ಬರದು ನಿಲ್ಲುತ್ತಿತ್ತು.

"ನಿನ್ನ ಅಲೆಗೆ ವಯಸ್ಸಾಯ್ತು ಕಣೇ."

"ನಿನ್ನ ಗಾಳಿ ಬರೀ ಬಾಯಲ್ಲಿ."

ಬೈಯುವಾಗ ಅವಳ ಮೂಗಿನ ತುದಿ ಕೆಂಪಾಗುವುದನ್ನು ನೋಡಲೆಂದೇ ಅವನು ಕುರ್ಚಿ ತಿರುಗಿಸಿಕೊಂಡು ಕೂರುತ್ತಿದ್ದ.

ಕೊನೆಗೆ ಮೆಟಿಲ್ಡಾ ಅದೇ ಕಂಪ್ಯೂಟರಿನೊಳಗೆ ಒಂದಕ್ಕೊಂದು ತಾಗದ ಎರಡು ವರ್ಚುವಲ್ ಎನ್ವಿರಾನ್‌ಮೆಂಟ್ ಮಾಡಿ, ಒಂದಕ್ಕೆ ಅವನ ಹೆಸರು, ಇನ್ನೊಂದಕ್ಕೆ ತನ್ನ ಹೆಸರು ಇಟ್ಟಳು. "ಅಪ್ಪೂಪ್ಪಾ, ಒಂದೇ ಮನೇಲಿ ಎರಡು ಅಡುಗೆಮನೆ. ಇನ್ನು ಅವನ ಉಪ್ಪು ಅವನಿಗೆ, ನನ್ನ ಹುಳಿ ನನಗೆ," ಎಂದಳು ಅವಳ ಅಜ್ಜನ ವಯಸ್ಸಿನ ನನಗೆ.

ಜಗಳ ನಿಂತಿತು. ಮಾತೂ ನಿಂತಿತು.

ಜೆಫ್ರಿನ್ ಪೆನ್ನಿನ ಮುಚ್ಚಳ ತೆಗೆಯುವನು, ಹಾಕುವನು. ಕಿಟಕಿಯವರೆಗೆ ಹೋಗುವನು, ಸುಮ್ಮನೆ ಬಂದು ಕೂರುವನು. ಅವಳ ಮುಂದಿನ ಕಪ್ಪು ಚಹಾ ಹಾಗೇ ಆರುತ್ತಿತ್ತು.

"ಎಲ್ಲಾ ಸರಿ ನಡೀತಿದ್ಯಾ?" ಎನ್ನುವನು.

"ನಡೀತಿದೆ."

ಅಷ್ಟೇ. ಅವಳ ಹತ್ತಿರ ಹೋಗಲು ಅವನಿಗೆ ನೆಪವೇ ಉಳಿದಿರಲಿಲ್ಲ. ಅತ್ತ ಅವಳ ಮನೆಯಲ್ಲಿ ಗಂಡು ನೋಡುತ್ತಿದ್ದರು.

ಒಂದು ಶನಿವಾರ ಸಂಜೆ ಮತ್ತೆ ಆ ಕೂಗು. ಅವಳ ಅಡುಗೆಮನೆಯೊಳಗೆ ಹೊಸ ವರ್ಷನ್ ಬಂದು ಕೂತಿತ್ತು.

"ಕೈತಪ್ಪಿ ಆಯ್ತು," ಎಂದ ಜೆಫ್ರಿನ್.

"ಕೈತಪ್ಪಿಯಾ? ಅದರೊಳಗೆ ಹೋದ್ರೆ ಪ್ರತಿ ಸಾಲಿನ ಮುಂದೂ ನನ್ನ ಹೆಸರೇ ಬರುತ್ತೆ. ಕಾಣಲಿಲ್ವಾ?"

"ಕಾಣ್ತು. ಅದನ್ನೇ ನೋಡ್ತಾ ಕೂತಿದ್ದೆ."

"ತಮಾಷೆನಾ ಇದು? ದೋಣಿಯವರ ಜೀವ ಕಣೋ..." ಎಂದವಳು ತಟ್ಟನೆ ನಿಂತಳು. ಗೋಡೆಯ ಕ್ಯಾಲೆಂಡರಿನತ್ತ ನೋಡಿದಳು. ಭಾನುವಾರ ನಮ್ಮ ದಂಡೆಯಲ್ಲಿ ಯಾರೂ ಕಡಲಿಗೆ ಇಳಿಯುವುದಿಲ್ಲ.

"ನಾಳೆ ಚೀಟಿ ಬೇಡ ಅಂತ ನೋಡ್ಕೊಂಡೇ ಕೆಡಿಸಿದ್ಯಾ?"

ಅವನು ತಲೆ ತಗ್ಗಿಸಿದ. "ಇಬ್ಬರೂ ಜೊತೇಲಿ ಕೂತ್ರೆ ಸೋಮವಾರದೊಳಗೆ ಸರಿಯಾಗುತ್ತೆ ಅಂದ್ಕೊಂಡೆ."

"ಪೆದ್ದ. ಅಳಿಸಿ ಹೊಸದಾಗಿ ಕಟ್ಟಿದ್ರೆ ಚಹಾ ಆರೋದ್ರೊಳಗೆ ಸರಿಯಾಗುತ್ತೆ."

"ಗೊತ್ತು. ನೀನು ಬೈಯದೆ ಇದ್ರೆ ನಂಗೆ ಕೂರೋಕಾಗಲ್ಲ, ನಿಲ್ಲೋಕಾಗಲ್ಲ ಮೆಟಿಲ್ಡಾ. ಆ ಗಂಡು ಬೇಡ ಅಂದ್ಬಿಡು."

ಅವಳ ಮೂಗಿನ ತುದಿ ಕೆಂಪಾಯಿತು. ಕಂಪ್ಯೂಟರಿನತ್ತ ತಿರುಗಿ, ಕೆಟ್ಟದ್ದನ್ನು ಅಳಿಸಿ, ಮತ್ತೆ ಕಟ್ಟತೊಡಗಿದಳು. ಅವನು ಪೆನ್ನಿನ ಮುಚ್ಚಳ ಮುರಿಯುವುದೊಂದು ಬಾಕಿ.

"ನಾಳೆ ಪೂಜೆ ಮುಗಿದ ಮೇಲೆ ಮನೆಗೆ ಬಾ," ಎಂದಳು, ತಿರುಗದೆ. "ಅಪ್ಪನ ಹತ್ರ ಮಾತಾಡು. ಅಲ್ಲಾದ್ರೂ ಏನೂ ಕೆಡಿಸಬೇಡ."

ಸೋಮವಾರ ನಾನು ಮೈಕಿನಲ್ಲಿ ಅಲೆಯ ಎತ್ತರ ಓದುತ್ತಿದ್ದೆ. ಚೀಟಿ ತಂದ ಅವರಿಬ್ಬರೂ ನನ್ನ ಬೆನ್ನ ಹಿಂದೆಯೇ ನಿಂತಿದ್ದರು. ಮದುವೆ ಊಟಕ್ಕೆ ಮೀನೋ ಕೋಳಿಯೋ ಎಂಬ ಅವರ ಜಗಳ ಕಡಲಿಗೆ ಇಳಿಯುತ್ತಿದ್ದ ದೋಣಿಗಳಿಗೆಲ್ಲ ಕೇಳಿಸಿತಂತೆ.