ನೀರು ಹಿಡಿಯದ ಕಂಬ

ನಾನೇ ಕೈಯಾರೆ ತಟ್ಟಿ ಕೇಳಿದ್ದನ್ನಷ್ಟೇ ಹೇಳುತ್ತೇನೆ.

ಹಳೆಯ ಆಸ್ಪತ್ರೆಯೊಂದರ ನೆಲಮಾಳಿಗೆಯಲ್ಲಿ ಕಂಬಗಳ ಸುತ್ತ ಹೊಸ ಕಾಂಕ್ರೀಟ್ ತುಂಬಿ ಬಲಪಡಿಸುವ ಕೆಲಸ ನನಗೂ ಭಾವನಿಗೂ ಸಿಕ್ಕಿತ್ತು. ಹಳೆಯ ಕಂಬದ ಮೈಯನ್ನು ಕೆತ್ತಿ ತರಿತರಿ ಮಾಡಿ, ಹಿಂದಿನ ದಿನವೇ ನೀರುಣಿಸಬೇಕು. ಒಣಗಿದ್ದರೆ ಹೊಸದರ ನೀರನ್ನೆಲ್ಲ ಅದೇ ಹೀರಿಬಿಡುತ್ತದೆ, ಎರಡೂ ಬೆಸೆಯುವುದಿಲ್ಲ.

ಹಾಗೆ ನೀರುಣಿಸಿ ಹೋಗಿ, ಮಾರನೆಯ ಬೆಳಗ್ಗೆ ನೋಡಿದರೆ ಮೂಲೆಯ ಕಂಬದಲ್ಲಿ ಒಂದು ಜಾಗ ಒಣಗಿತ್ತು. ಸೊಂಟದಿಂದ ಕತ್ತಿನೆತ್ತರದವರೆಗೆ, ಹೆಗಲಿನಷ್ಟು ಅಗಲ. ಎಷ್ಟು ನೀರೆರಚಿದರೂ ನಿಲ್ಲಲಿಲ್ಲ. ಮುಟ್ಟಿದರೆ ಬೆಚ್ಚಗಿತ್ತು, ಯಾರೋ ಆಗಷ್ಟೇ ಎದ್ದುಹೋದ ಕುರ್ಚಿಯ ಹಾಗೆ.

"ಯಾರೋ ಒರಗ್ಕೊಂಡಿದ್ದಾರೆ ಕಣೋ," ಎಂದು ಭಾವ ನಕ್ಕರು. "ಸ್ವಲ್ಪ ಜಾಗ ಬಿಡಪ್ಪಾ, ನಂಗೂ ಬೆನ್ನು ನೋವು."

ಹಾಗೆನ್ನುತ್ತ ಅಲ್ಲೇ ಬೆನ್ನು ಕೊಟ್ಟು ನಿಂತರು. ಅಳತೆ ತೆಗೆದಂತೆ ಸರಿಹೋಯಿತು. ಅವರು ಈಚೆ ಬಂದಾಗ ಆ ಜಾಗವೂ ಒದ್ದೆಯಾಗಿತ್ತು.

"ನೋಡ್ದಾ? ಎದ್ದುಹೋದ," ಎಂದರು. ಅವತ್ತೇ ಕಾಂಕ್ರೀಟ್ ತುಂಬಿದೆವು. ಮಾರನೆಯ ದಿನದಿಂದ ಭಾವ ಹುಷಾರಿಲ್ಲವೆಂದು ಕೆಲಸಕ್ಕೆ ಬರಲಿಲ್ಲ.

ಗಟ್ಟಿಯಾದ ಮೇಲೆ ನಾನೊಬ್ಬನೇ ಸುತ್ತಿಗೆಯಿಂದ ತಟ್ಟಿ ನೋಡಿದೆ. ಬೆಸೆದಿದ್ದರೆ ಟಣ್ ಎನ್ನುತ್ತದೆ, ಒಳಗೆ ಟೊಳ್ಳಿದ್ದರೆ ಡಬ್ ಎನ್ನುತ್ತದೆ. ಎಲ್ಲ ಕಡೆ ಟಣ್ ಎಂದಿತು. ಆ ಜಾಗದಲ್ಲಿ ಮಾತ್ರ ಡಬ್.

ಸಂಜೆ ಅಕ್ಕ ಫೋನ್ ಮಾಡಿದಳು. "ನಿಮ್ ಭಾವನ ಅಂಗಿ ಬೆನ್ನಲ್ಲಿ ಒಣಗ್ತಾನೇ ಇಲ್ಲ ಕಣೋ. ಎಷ್ಟು ಸಲ ಬದಲಾಯಿಸಿದ್ರೂ ಅಷ್ಟೇ. ಮೈ ಬೇರೆ ತಣ್ಣಗಿದೆ. ಒಂದ್ಸಲ ಬಂದು ಹೋಗೋ."

ಹೋದೆ. ಭಾವ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು, ಉಸಿರಾಡುತ್ತಿದ್ದರು. ಎಬ್ಬಿಸೋಣವೆಂದು ಮೆಲ್ಲಗೆ ಬೆನ್ನು ತಟ್ಟಿದೆ.

ಟಣ್ ಎಂದಿತು.